ನೋವಿನ ಚುಚ್ಚುಮದ್ದು: ಲಾಭ ಯಾರಿಗೆ, ಹೊಣೆ ಯಾರದು?

ನಗರದ ಬಡಾವಣೆಗಳಲ್ಲಿ ಔಷಧಿ ಅಂಗಡಿ, ರಕ್ತಪರೀಕ್ಷೆಯ ಪ್ರಯೋಗಾಲಯಗಳ ಸಾಲಿಗೆ ಈಗ ಹೊಸದೊಂದು ನಾಮಫಲಕ ಸೇರಿಕೊಂಡಿದೆ: ನೋವು ನಿವಾರಣಾ ಕೇಂದ್ರ. ಬೆನ್ನುನೋವು, ಸಯಾಟಿಕಾ, ಸರ್ಪಸುತ್ತಿನ ನಂತರದ ಉರಿ, ಮುಖದ ನರದ ಸೆಳೆತ, ಎಲ್ಲಕ್ಕೂ ಅಲ್ಲಿ ಪರಿಹಾರವುಂಟು. ಶಸ್ತ್ರಚಿಕಿತ್ಸೆ ಬೇಡ, ಬೆಳಿಗ್ಗೆ ಬಂದವರು ಸಂಜೆ ಮನೆಗೆ ಹಿಂದಿರುಗಬಹುದು ಎಂಬುದು ಭರವಸೆ. ಈ ಭರವಸೆಯ ಕೇಂದ್ರದಲ್ಲಿರುವುದು 'ನರ್ವ್ ಬ್ಲಾಕ್', ಅಂದರೆ ನೋವನ್ನು ಒಯ್ಯುವ ನರದ ಬಳಿ ಅರಿವಳಿಕೆ ಮದ್ದನ್ನು ಚುಚ್ಚಿ ಅದರ ಸಂದೇಶವನ್ನು ತಡೆಯುವ ಚಿಕಿತ್ಸೆ.

ಇದೇ ಹೊತ್ತಿನಲ್ಲಿ, 2025ರ ಫೆಬ್ರುವರಿಯಲ್ಲಿ, ಬ್ರಿಟಿಷ್ ಮೆಡಿಕಲ್ ಜರ್ನಲ್ ಒಂದು ಮಾರ್ಗಸೂಚಿಯನ್ನು ಪ್ರಕಟಿಸಿತು. ಕ್ಯಾನ್ಸರಿನಿಂದ ಉಂಟಾಗದ, ಮೂರು ತಿಂಗಳಿಗೂ ಮೀರಿದ ಬೆನ್ನು ಮತ್ತು ಕುತ್ತಿಗೆ ನೋವಿಗೆ ಸಾಮಾನ್ಯವಾಗಿ ನೀಡಲಾಗುವ ಚುಚ್ಚುಮದ್ದು ಹಾಗೂ ರೇಡಿಯೊ ತರಂಗದ ಚಿಕಿತ್ಸೆಗಳನ್ನು ಅಂತರರಾಷ್ಟ್ರೀಯ ಪರಿಣತರ ಸಮಿತಿಯೊಂದು ಪರಿಶೀಲಿಸಿ, ಅವು ಬೇಡವೆಂದು ಬಲವಾಗಿ ಶಿಫಾರಸು ಮಾಡಿತು. ಒಂದೆಡೆ ಮಾರುಕಟ್ಟೆ ಹಿಗ್ಗುತ್ತಿದೆ. ಇನ್ನೊಂದೆಡೆ ಆ ಮಾರುಕಟ್ಟೆಯ ಒಂದು ದೊಡ್ಡ ಭಾಗಕ್ಕೆ ಆಧಾರವಾಗಿದ್ದ ನಂಬಿಕೆ ಅಲುಗುತ್ತಿದೆ.

ಅರ್ಥಶಾಸ್ತ್ರ ಓದಿ, ಸರ್ಕಾರಿ ಸೇವೆಯಲ್ಲಿ ಆಯುಷ್ಯ ಕಳೆದ ನನ್ನಂಥವನಿಗೆ ಈ ವಿಷಯದಲ್ಲಿ ಏನು ಕೆಲಸವೆಂದು ಓದುಗರು ಕೇಳಬಹುದು. ಸೂಜಿಯನ್ನು ಎಲ್ಲಿ, ಎಷ್ಟು ಆಳಕ್ಕೆ ಇಳಿಸಬೇಕೆಂಬುದು ನಿಸ್ಸಂಶಯವಾಗಿ ವೈದ್ಯರ ಪ್ರಶ್ನೆ. ಆದರೆ ಅದರ ವೆಚ್ಚವನ್ನು ಯಾರು ಭರಿಸಬೇಕು, ಅದು ಬಡವನಿಗೂ ದೊರೆಯಬೇಕೆ, ಫಲ ಕಾಣದಿದ್ದಾಗ ಯಾರನ್ನು ಕೇಳಬೇಕು ಎಂಬುವು ಸಾರ್ವಜನಿಕ ನೀತಿಯ ಪ್ರಶ್ನೆಗಳು. ಇವನ್ನು ವೈದ್ಯರಿಗಷ್ಟೇ ಬಿಟ್ಟುಕೊಡುವುದು ವೈದ್ಯರಿಗೂ ಹಿತವಲ್ಲ, ರೋಗಿಗಳಿಗೂ ಹಿತವಲ್ಲ.

ನರದ ನೋವು ಗಾಯದ ನೋವಿನಂತಲ್ಲ. ಗಾಯದ ನೋವು ದೇಹದ ಕಾವಲುಗಾರ. ಅಪಾಯವನ್ನು ತಿಳಿಸಿ, ಗಾಯ ಮಾಗಿದಂತೆ ತಾನೂ ಹಿಂದೆ ಸರಿಯುತ್ತದೆ. ನರಕ್ಕೇ ಹಾನಿಯಾದಾಗ ಕಾವಲುಗಾರನಿಗೇ ಚಿತ್ತಭ್ರಮೆಯಾದಂತೆ. ಕಳ್ಳನಿಲ್ಲದಿದ್ದರೂ ಕೂಗು ನಿಲ್ಲುವುದಿಲ್ಲ. ಬಟ್ಟೆ ಸೋಕಿದರೆ ಬೆಂಕಿ ತಗುಲಿದಂತಾಗುತ್ತದೆ; ಮುಖ ತೊಳೆಯುವುದು, ಅನ್ನ ಅಗಿಯುವುದು ಕೂಡ ಶಿಕ್ಷೆಯಾಗುತ್ತದೆ. ಹೊರಗಿನಿಂದ ನೋಡುವವರಿಗೆ ಗಾಯ ಕಾಣುವುದಿಲ್ಲ, ಎಕ್ಸ್-ರೇಯಲ್ಲಿ ದೋಷ ಕಾಣುವುದಿಲ್ಲ. ಆದ್ದರಿಂದ ರೋಗಿ ನೋವಿನ ಜೊತೆಗೆ ಅಪನಂಬಿಕೆಯನ್ನೂ ಅನುಭವಿಸಬೇಕಾಗುತ್ತದೆ. ದೀರ್ಘಕಾಲದ ನೋವು ಬೇರೊಂದು ರೋಗದ ಲಕ್ಷಣ ಮಾತ್ರವಲ್ಲ, ಕೆಲವೊಮ್ಮೆ ತಾನೇ ಒಂದು ರೋಗ ಎಂಬುದನ್ನು ವಿಶ್ವ ಆರೋಗ್ಯ ಸಂಸ್ಥೆಯ ರೋಗ ವರ್ಗೀಕರಣ ಒಪ್ಪಿಕೊಂಡದ್ದು ಅದರ ಹನ್ನೊಂದನೆಯ ಆವೃತ್ತಿಯಲ್ಲಿ. ಆ ಆವೃತ್ತಿ ಜಾರಿಗೆ ಬಂದದ್ದು 2022ರ ಜನವರಿಯಲ್ಲಷ್ಟೆ.

ನಮ್ಮ ದೇಶದಲ್ಲಿ ಇದು ಸಣ್ಣ ಸಂಗತಿಯಲ್ಲ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ನೆರವಿನಿಂದ ನಡೆದು 2023ರಲ್ಲಿ ಪ್ರಕಟವಾದ ಸಮೀಕ್ಷೆ ದೇಶದಲ್ಲಿ 10 ಕೋಟಿಗೂ ಹೆಚ್ಚು ಮಧುಮೇಹಿಗಳಿದ್ದಾರೆಂದು ಅಂದಾಜಿಸಿದೆ. ಪಾದಗಳ ಉರಿ, ಜೋಮು, ಸೂಜಿ ಚುಚ್ಚಿದಂತಹ ನೋವು ಇವರಲ್ಲಿ ಅನೇಕರ ನಿತ್ಯದ ಸಂಗಾತಿ. ಇದರೊಂದಿಗೆ ವೃದ್ಧರನ್ನು ಕಾಡುವ ಸರ್ಪಸುತ್ತಿನ ನಂತರದ ನೋವು, ಕ್ಯಾನ್ಸರ್ ನರಗಳನ್ನು ಒತ್ತಿದಾಗಿನ ನೋವು, ಅಪಘಾತದ ನಂತರ ಉಳಿಯುವ ನೋವು, ಇವನ್ನೆಲ್ಲ ಸೇರಿಸಿದರೆ ಸಮಸ್ಯೆಯ ಗಾತ್ರ ಮನದಟ್ಟಾಗುತ್ತದೆ.

ನರವನ್ನು ತಡೆಯುವ ವಿದ್ಯೆ ಹೊಸದಲ್ಲ. 1884ರಲ್ಲಿ ವಿಯೆನ್ನಾದ ಯುವ ವೈದ್ಯ ಕಾರ್ಲ್ ಕೊಲ್ಲರ್, ಕೊಕೇನ್ ದ್ರಾವಣದಿಂದ ಕಣ್ಣನ್ನು ಜೋಮು ಹಿಡಿಸಬಹುದೆಂದು ತೋರಿಸಿದ. ಕೆಲವೇ ತಿಂಗಳಲ್ಲಿ ಅಮೆರಿಕದ ಶಸ್ತ್ರವೈದ್ಯ ವಿಲಿಯಂ ಹಾಲ್‌ಸ್ಟೆಡ್ ಅದನ್ನು ನರಗಳಿಗೇ ಚುಚ್ಚುವ ಪ್ರಯೋಗಗಳನ್ನು ನಡೆಸಿ, ಆ ಪ್ರಯೋಗಗಳಲ್ಲಿಯೇ ಕೊಕೇನ್ ವ್ಯಸನಕ್ಕೆ ಬಲಿಯಾದ. 1943ರಲ್ಲಿ ಸ್ವೀಡನ್ನಿನ ನಿಲ್ಸ್ ಲೊಫ್‌ಗ್ರೆನ್ ಲಿಗ್ನೋಕೇನನ್ನು ತಯಾರಿಸಿದ ಮೇಲೆ ವ್ಯಸನದ ಭಯವಿಲ್ಲದ ಸುರಕ್ಷಿತ ಮದ್ದು ಕೈಗೆ ಬಂತು. ಎರಡನೆಯ ಮಹಾಯುದ್ಧದ ಗಾಯಾಳುಗಳನ್ನು ನೋಡಿಕೊಳ್ಳುತ್ತಿದ್ದ ಅರಿವಳಿಕೆ ತಜ್ಞ ಜಾನ್ ಬೊನಿಕಾ, ಗಾಯ ಮಾಗಿದರೂ ನೋವು ಉಳಿಯುವುದನ್ನು ಕಂಡು ಅದರ ಅಧ್ಯಯನಕ್ಕೆ ಬದುಕನ್ನೇ ಮೀಸಲಿಟ್ಟ. 1953ರಲ್ಲಿ ಪ್ರಕಟವಾದ ಅವನ ಬೃಹದ್ಗ್ರಂಥದಿಂದ ನೋವಿನ ಚಿಕಿತ್ಸೆ ಸ್ವತಂತ್ರ ಶಾಸ್ತ್ರವಾಗಿ ರೂಪುಗೊಂಡಿತು. ನರ್ವ್ ಬ್ಲಾಕಿನಲ್ಲಿ ನುರಿತಿದ್ದ ಬೊನಿಕಾ ಒತ್ತಿಹೇಳಿದ್ದು ಸೂಜಿಯೊಂದರ ಮಹಿಮೆಯನ್ನಲ್ಲ; ಅರಿವಳಿಕೆ ತಜ್ಞ, ನರತಜ್ಞ, ಮನೋವೈದ್ಯ ಮೊದಲಾದವರು ಒಟ್ಟಾಗಿ ರೋಗಿಯನ್ನು ನೋಡಬೇಕೆಂಬುದನ್ನು. ಇಂದಿನ ನಾಮಫಲಕಗಳು ಈ ಪರಂಪರೆಯಿಂದ ಸೂಜಿಯನ್ನು ಎತ್ತಿಕೊಂಡು ತಂಡವನ್ನು ಬಿಟ್ಟಿವೆ.

ಈ ಚುಚ್ಚುಮದ್ದಿನ ಕಾರ್ಯವಿಧಾನ ಸರಳ. ನರದೊಳಗೆ ಸಂದೇಶ ಹರಿಯುವುದು ಸೋಡಿಯಂ ಕಣಗಳು ನರಕೋಶವನ್ನು ಪ್ರವೇಶಿಸುವುದರಿಂದ. ಲಿಗ್ನೋಕೇನ್ ಅಥವಾ ಬುಪಿವಕೇನ್ ಆ ಬಾಗಿಲನ್ನು ಕೆಲವು ಗಂಟೆಗಳ ಕಾಲ ಮುಚ್ಚುತ್ತದೆ. ಊತವಿದ್ದಲ್ಲಿ ಅದನ್ನು ತಗ್ಗಿಸಲು ಸ್ಟಿರಾಯ್ಡ್ ಬೆರೆಸುವುದುಂಟು. ಆಗ ಪರಿಣಾಮ ಕೆಲವು ವಾರಗಳವರೆಗೆ ನಿಲ್ಲಬಹುದು. ತಾತ್ಕಾಲಿಕ ತಡೆಯಿಂದ ನೋವು ಪೂರ್ಣ ಶಮನವಾದರೆ, ತಪ್ಪಿತಸ್ಥ ನರ ಇದೇ ಎಂದು ಗುರುತಿಸಿದಂತಾಗುತ್ತದೆ. ಆ ಮೇಲೆ ಅದನ್ನು ಶಾಖದಿಂದಲೋ ಆಲ್ಕೊಹಾಲ್, ಫೀನಾಲ್‌ಗಳಿಂದಲೋ ದೀರ್ಘಕಾಲ ನಿಷ್ಕ್ರಿಯಗೊಳಿಸಬೇಕೆ ಎಂದು ಯೋಚಿಸಬಹುದು. ಚಿಕಿತ್ಸೆಯಾಗಿ ಸೋತಲ್ಲಿಯೂ ಪತ್ತೇದಾರನಾಗಿ ಈ ಚುಚ್ಚುಮದ್ದು ಉಪಯುಕ್ತ.

ಹಾಗಾದರೆ ಇದು ಯಾರಿಗೆ ಫಲಕಾರಿ? ಮೇದೋಜೀರಕ ಗ್ರಂಥಿಯ ಕ್ಯಾನ್ಸರ್ ರೋಗಿಗಳ ಹೊಟ್ಟೆಯ ಹಿಂಭಾಗದ ನರಜಾಲವನ್ನು ಆಲ್ಕೊಹಾಲ್‌ನಿಂದ ನಿಷ್ಕ್ರಿಯಗೊಳಿಸುವ ಕ್ರಮಕ್ಕೆ ಉತ್ತಮ ಪುರಾವೆಯಿದೆ. 2004ರಲ್ಲಿ ಅಮೆರಿಕದಲ್ಲಿ 100 ರೋಗಿಗಳ ಮೇಲೆ ನಡೆದ ಪರೀಕ್ಷೆ, ಕೇವಲ ಮಾತ್ರೆಗಳಿಗಿಂತ ಇದರಿಂದ ನೋವು ಹೆಚ್ಚು ಶಮನವಾಗುವುದನ್ನು ತೋರಿಸಿತು, ಆಯುಷ್ಯವನ್ನೇನೂ ಹೆಚ್ಚಿಸಲಿಲ್ಲ. ಒಂದು ಬದಿಯ ತಲೆಯನ್ನು ಸೀಳುವ ಕ್ಲಸ್ಟರ್ ತಲೆನೋವಿಗೆ ತಲೆಯ ಹಿಂಭಾಗದ ನರಕ್ಕೆ ನೀಡುವ ಚುಚ್ಚುಮದ್ದು ನೆರವಾಗುತ್ತದೆ. ಮುಖದ ಟ್ರೈಜೆಮಿನಲ್ ನರದ ನೋವಿಗೆ ಮೊದಲ ಮದ್ದು 1960ರ ದಶಕದಿಂದ ಬಳಕೆಯಲ್ಲಿರುವ ಕಾರ್ಬಮಜೆಪಿನ್ ಮಾತ್ರೆ. ಅದು ಒಗ್ಗದವರಿಗೆ, ಶಸ್ತ್ರಚಿಕಿತ್ಸೆ ತಾಳಲಾರದ ವೃದ್ಧರಿಗೆ ಸೂಜಿಯ ಮಾರ್ಗಗಳಿವೆ. ಹೊಸದಾಗಿ ಬಂದ ತೀವ್ರ ಸಯಾಟಿಕಾದಲ್ಲಿ ಬೆನ್ನುಹುರಿಯ ಹೊರಪದರದ ಬಳಿ ನೀಡುವ ಚುಚ್ಚುಮದ್ದನ್ನು ಪರಿಗಣಿಸಬಹುದೆಂದು ಬ್ರಿಟನ್ನಿನ ಆರೋಗ್ಯ ಮಾರ್ಗಸೂಚಿ ಸಂಸ್ಥೆ 2016ರಲ್ಲಿ ಹೇಳಿತ್ತು. ಅದೇ ಸಂಸ್ಥೆ ಬರಿಯ ಸೊಂಟನೋವಿಗೆ ಇಂತಹ ಚುಚ್ಚುಮದ್ದು ಬೇಡವೆಂದಿತ್ತು.

ಇನ್ನು ಫಲ ಕಡಿಮೆಯಿರುವ ಕಡೆ. ಮಧುಮೇಹದಿಂದ ಎರಡೂ ಪಾದಗಳ ಅಸಂಖ್ಯ ನರತುದಿಗಳು ಹಾಳಾಗಿರುವಾಗ ಒಂದು ನರವನ್ನು ತಡೆದು ಸಾಧಿಸುವುದು ಅಲ್ಪ. ಅಲ್ಲಿ ಸಕ್ಕರೆಯ ಹತೋಟಿ, ಪಾದಗಳ ಆರೈಕೆ, ಅಮಿಟ್ರಿಪ್ಟಿಲಿನ್, ಡ್ಯುಲೊಕ್ಸೆಟಿನ್, ಗ್ಯಾಬಪೆಂಟಿನ್‌ನಂತಹ ಮಾತ್ರೆಗಳೇ ಮೊದಲ ಸಾಲಿನ ಚಿಕಿತ್ಸೆ. ಸರ್ಪಸುತ್ತು ಕಾಣಿಸಿಕೊಂಡ ಹೊಸತರಲ್ಲೇ ಬೆನ್ನಿಗೆ ಒಂದು ಚುಚ್ಚುಮದ್ದು ಕೊಟ್ಟರೆ ಮುಂದಿನ ದೀರ್ಘ ನೋವನ್ನು ತಪ್ಪಿಸಬಹುದೆ ಎಂದು ನೆದರ್ಲೆಂಡ್ಸ್‌ನಲ್ಲಿ ಸುಮಾರು 600 ರೋಗಿಗಳ ಮೇಲೆ ಪರೀಕ್ಷಿಸಲಾಯಿತು. 2006ರಲ್ಲಿ ಹೊರಬಂದ ಫಲಿತಾಂಶ: ಮೊದಲ ತಿಂಗಳಲ್ಲಿ ಅಲ್ಪ ಉಪಶಮನ, ದೀರ್ಘಕಾಲದ ನೋವಿನ ಮೇಲೆ ಪರಿಣಾಮವಿಲ್ಲ.

2025ರ ಮಾರ್ಗಸೂಚಿಗೆ ನೋವಿನ ತಜ್ಞರ ಸಂಘಗಳಿಂದ ತೀವ್ರ ಆಕ್ಷೇಪವೂ ಬಂದಿದೆ. ಬೇರೆ ಬೇರೆ ಕಾರಣಗಳ ಬೆನ್ನುನೋವನ್ನು ಒಂದೇ ರಾಶಿ ಮಾಡಿ ಸರಾಸರಿ ತೆಗೆದರೆ, ನಿಜವಾಗಿ ಲಾಭ ಪಡೆಯುವ ಕೆಲವರು ಆ ಸರಾಸರಿಯಲ್ಲಿ ಮುಳುಗಿಹೋಗುತ್ತಾರೆ ಎಂಬುದು ಅವರ ವಾದ. ಇದರಲ್ಲಿ ಹುರುಳಿದೆ. ಅದೇ ತಿಂಗಳು ಅಮೆರಿಕದ ನರವಿಜ್ಞಾನ ಅಕಾಡೆಮಿ ಪ್ರಕಟಿಸಿದ ಪರಿಶೀಲನೆಯೂ, ಕಾಲಿಗೆ ಇಳಿಯುವ ನರದ ನೋವಿನಲ್ಲಿ ಸ್ಟಿರಾಯ್ಡ್ ಚುಚ್ಚುಮದ್ದಿನಿಂದ ಸುಮಾರು ಮೂರು ತಿಂಗಳ ಮಟ್ಟಿಗೆ ಸಾಧಾರಣ ಪ್ರಯೋಜನವಿರಬಹುದೆಂದು ಹೇಳಿದೆ. ಎರಡನ್ನೂ ಜೊತೆಗಿಟ್ಟು ಓದಿದರೆ ಒಂದು ತೀರ್ಮಾನ ಸ್ಪಷ್ಟ: ಇದು ಆಯ್ದ ರೋಗಿಗೆ, ಆಯ್ದ ಸಮಯದಲ್ಲಿ, ಸೀಮಿತ ನಿರೀಕ್ಷೆಯೊಂದಿಗೆ ನೀಡಬೇಕಾದ ಚಿಕಿತ್ಸೆ. ಆಯ್ಕೆಯೇ ಇದರ ಜೀವಾಳ. ಆದರೆ ಆಯ್ಕೆ ಮಾಡುವವನಿಗೂ ಚುಚ್ಚುಮದ್ದಿನಿಂದ ವರಮಾನ ಪಡೆಯುವವನಿಗೂ ವ್ಯತ್ಯಾಸವಿಲ್ಲದಿದ್ದರೆ?

ಅರ್ಥಶಾಸ್ತ್ರ ಪ್ರವೇಶಿಸುವುದು ಇಲ್ಲಿಯೇ. ಆರೋಗ್ಯ ಸೇವೆ ಇತರ ಸರಕುಗಳಂತಲ್ಲ, ಏಕೆಂದರೆ ಕೊಳ್ಳುವವನಿಗೆ ತನಗೇನು ಬೇಕೆಂಬುದೇ ತಿಳಿದಿರುವುದಿಲ್ಲ ಎಂದು ಕೆನೆತ್ ಆರೋ 1963ರ ತಮ್ಮ ಪ್ರಸಿದ್ಧ ಲೇಖನದಲ್ಲಿ ವಿವರಿಸಿದರು. ನೋವಿನ ಚಿಕಿತ್ಸೆಯಲ್ಲಿ ಈ ಕುರುಡು ಇನ್ನೂ ಆಳ. ಮುರಿದ ಮೂಳೆ ಕೂಡಿತೆ ಎಂಬುದನ್ನು ಎಕ್ಸ್-ರೇ ಹೇಳುತ್ತದೆ. ನೋವು ಕಡಿಮೆಯಾದದ್ದು ಚುಚ್ಚುಮದ್ದಿನಿಂದಲೋ ಕಾಲಕ್ರಮದಿಂದಲೋ ಎಂದು ಹೇಳುವ ಯಂತ್ರವಿಲ್ಲ. ದೀರ್ಘಕಾಲದ ನೋವು ಸಮುದ್ರದ ಅಲೆಗಳಂತೆ ಏರಿಳಿಯುತ್ತದೆ. ರೋಗಿ ಆಸ್ಪತ್ರೆಗೆ ಧಾವಿಸುವುದು ಅಲೆ ತುತ್ತತುದಿಯಲ್ಲಿದ್ದಾಗ. ಆಮೇಲೆ ಅದು ಇಳಿಯಲೇಬೇಕು. ಸಂಖ್ಯಾಶಾಸ್ತ್ರದಲ್ಲಿ ಇದನ್ನು ಸರಾಸರಿಯತ್ತ ಮರಳುವಿಕೆ ಎನ್ನುತ್ತಾರೆ. ಇಳಿತದ ಕೀರ್ತಿ ಸೂಜಿಗೆ ಸಲ್ಲುತ್ತದೆ. ಮತ್ತೆ ಏರಿದಾಗ ಇನ್ನೊಂದು ಸೂಜಿಗೆ ಕಾರಣ ಸಿಗುತ್ತದೆ. ವೈದ್ಯರಲ್ಲಿ ಕಪಟವಿಲ್ಲದಿದ್ದರೂ ಈ ಚಕ್ರ ತಾನಾಗಿ ತಿರುಗಬಲ್ಲದು. ಆದ್ದರಿಂದ ಇಲ್ಲಿ ವೈಯಕ್ತಿಕ ಸಜ್ಜನಿಕೆಯೊಂದೇ ಸಾಲದು, ವ್ಯವಸ್ಥೆಯ ಕಾವಲು ಬೇಕು.

ನಮ್ಮ ವಿಮಾ ವ್ಯವಸ್ಥೆ ಈ ಚಕ್ರಕ್ಕೆ ಎಣ್ಣೆ ಹಾಕುತ್ತಿದೆ. ಆಸ್ಪತ್ರೆಗೆ ದಾಖಲಾದರೆ ವಿಮೆ ದೊರೆಯುತ್ತದೆ. ಒಂದು ದಿನದೊಳಗೆ ಮುಗಿಯುವ 'ಡೇ ಕೇರ್' ಚಿಕಿತ್ಸೆಗೂ ದೊರೆಯುತ್ತದೆ. ಆದರೆ ಹೊರರೋಗಿಯಾಗಿ ಪಡೆಯುವ ಚಿಕಿತ್ಸೆ ಸಾಮಾನ್ಯವಾಗಿ ಅದರ ವ್ಯಾಪ್ತಿಗೆ ಹೊರಗು. ಡೇ ಕೇರ್ ಎಂದರೇನು ಎಂಬ ವಿಮಾ ನಿಯಂತ್ರಣ ಪ್ರಾಧಿಕಾರದ ವ್ಯಾಖ್ಯೆಯಲ್ಲೇ ಈ ಹೊರಗಿಡುವಿಕೆ ಇದೆ. 2018ರಲ್ಲಿ ಆರಂಭವಾದ ಆಯುಷ್ಮಾನ್ ಭಾರತ್ ವಿಮಾ ಯೋಜನೆಯ ಒತ್ತೂ ಆಸ್ಪತ್ರೆಯೊಳಗಿನ ಚಿಕಿತ್ಸೆಯ ಮೇಲೆಯೇ. ಪರಿಣಾಮವೇನು? ನರದ ನೋವಿಗೆ ಹೆಚ್ಚು ಪುರಾವೆಯುಳ್ಳ ಅಗ್ಗದ ಮಾತ್ರೆ, ವ್ಯಾಯಾಮ ಚಿಕಿತ್ಸೆ, ಆಪ್ತಸಮಾಲೋಚನೆ ಇವೆಲ್ಲ ರೋಗಿಯ ಜೇಬಿನಿಂದ. ಶಸ್ತ್ರಚಿಕಿತ್ಸಾ ಕೊಠಡಿಯಲ್ಲಿ ನಡೆಯುವ ದುಬಾರಿ ಕ್ರಮಕ್ಕೆ ವಿಮೆಯ ಹಣ ಬರುವ ಸಾಧ್ಯತೆಯಾದರೂ ಇದೆ. ಚುಚ್ಚುಮದ್ದು ಡೇ ಕೇರೋ ಹೊರರೋಗಿ ಚಿಕಿತ್ಸೆಯೋ ಎಂಬ ವ್ಯಾಖ್ಯೆಯ ಜಗಳದಲ್ಲಿ ಸಿಕ್ಕಿಬಿದ್ದವನಿಗೆ ಮಾತ್ರ ಎರಡೂ ಇಲ್ಲ. ಒಟ್ಟು ಆರೋಗ್ಯ ವೆಚ್ಚದಲ್ಲಿ ಜನರೇ ನೇರವಾಗಿ ಭರಿಸುವ ಪಾಲು 2013-14ರಲ್ಲಿ ಶೇ 64.2ರಷ್ಟಿದ್ದದ್ದು 2021-22ರಲ್ಲಿ ಶೇ 39.4ಕ್ಕೆ ಇಳಿದಿದೆ ಎಂದು ರಾಷ್ಟ್ರೀಯ ಆರೋಗ್ಯ ಲೆಕ್ಕಪತ್ರ ಹೇಳುತ್ತದೆ. ಪ್ರಗತಿ ನಿಜ, ಆದರೆ ತಿಂಗಳು ತಿಂಗಳು ಔಷಧಿ ಕೊಳ್ಳಬೇಕಾದ ನೋವಿನ ರೋಗಿಗೆ ಈ ಇಳಿಕೆ ದೂರದ ಸುದ್ದಿ.

ವೆಚ್ಚದ ರಚನೆಯನ್ನೂ ಗಮನಿಸಬೇಕು. ಲಿಗ್ನೋಕೇನ್, ಬುಪಿವಕೇನ್ ಎರಡೂ ರಾಷ್ಟ್ರೀಯ ಅಗತ್ಯ ಔಷಧಿಗಳ ಪಟ್ಟಿಯಲ್ಲಿವೆ. ಅವುಗಳ ಬೆಲೆ ಹತೋಟಿಯಲ್ಲಿದೆ. ಬಿಲ್ಲು ಬೆಳೆಯುವುದು ಮದ್ದಿನಿಂದಲ್ಲ. ಕೊಠಡಿ, ಎಕ್ಸ್-ರೇ ಅಥವಾ ಅಲ್ಟ್ರಾಸೌಂಡ್ ಯಂತ್ರ, ತಜ್ಞರ ಶುಲ್ಕ, 'ಪ್ಯಾಕೇಜ್' ಎಂಬ ಮಾಯಾ ಪದದಿಂದ. ಖಾಸಗಿ ವೈದ್ಯಕೀಯ ಸಂಸ್ಥೆಗಳು ದರಪಟ್ಟಿಯನ್ನು ಪ್ರದರ್ಶಿಸಬೇಕೆಂಬ ನಿಯಮ ನಮ್ಮ ರಾಜ್ಯದ 2007ರ ಕಾಯ್ದೆಯಲ್ಲಿದೆ. 2017ರ ತಿದ್ದುಪಡಿ ರೋಗಿಗಳ ಹಕ್ಕುಗಳ ಸನ್ನದನ್ನೂ ಸೇರಿಸಿತು. ಕಾಯ್ದೆಯನ್ನು ಬರೆಯುವುದಕ್ಕಿಂತ ಜಾರಿಗೊಳಿಸುವುದು ಕಷ್ಟವೆಂಬುದನ್ನು ಆಡಳಿತದಲ್ಲಿದ್ದ ಯಾರಿಗೂ ಹೇಳಿಕೊಡಬೇಕಾಗಿಲ್ಲ.

ಮದ್ದು ಅಗ್ಗವಾಗಿದ್ದರೆ ಸರ್ಕಾರಿ ಆಸ್ಪತ್ರೆಗಳೇಕೆ ಈ ಸೇವೆ ನೀಡಬಾರದು? ಜಿಲ್ಲಾ ಆಸ್ಪತ್ರೆಯ ಅರಿವಳಿಕೆ ತಜ್ಞನಿಗೆ ಹೆರಿಗೆ ಮತ್ತು ಅಪಘಾತದ ಶಸ್ತ್ರಚಿಕಿತ್ಸೆಗಳಿಂದ ಬಿಡುವಿರುವುದಿಲ್ಲ ಎಂಬುದು ಒಂದು ಕಾರಣ. ಇನ್ನೊಂದು, ಅಷ್ಟಾಗಿ ಚರ್ಚೆಯಾಗದ ಅಡ್ಡಿ, ಕಾನೂನಿನದು. ಇಂದು ಅನೇಕ ನರಗಳನ್ನು ಸುರಕ್ಷಿತವಾಗಿ ತಲುಪಲು ಅಲ್ಟ್ರಾಸೌಂಡ್ ಮಾರ್ಗದರ್ಶನ ಬೇಕು. ಹೆಣ್ಣುಭ್ರೂಣ ಹತ್ಯೆ ತಡೆಯಲೆಂದು ಬಂದ 1994ರ ಕಾಯ್ದೆಯಡಿ ಇಂತಹ ಯಂತ್ರಗಳು ನೋಂದಣಿಗೆ ಒಳಪಟ್ಟಿವೆ. ನರವನ್ನು ಹುಡುಕುವ ವೈದ್ಯನೂ ಆ ಕಾಗದಪತ್ರಗಳನ್ನು ದಾಟಿಯೇ ಬರಬೇಕು. ಕಾಯ್ದೆಯ ಉದ್ದೇಶ ಪವಿತ್ರವಾದದ್ದು, ಅದನ್ನು ಸಡಿಲಿಸಬೇಕೆಂದು ಯಾರೂ ಕೇಳಬಾರದು. ಆದರೆ ನೋವು ಚಿಕಿತ್ಸೆಗೆ ಮೀಸಲಾದ ಯಂತ್ರಗಳಿಗೆ, ಭ್ರೂಣಪರೀಕ್ಷೆಗೆ ಬಳಕೆಯಾಗದಂತೆ ನಿರ್ಬಂಧಿಸಿ, ಸ್ಪಷ್ಟ ಹಾಗೂ ತ್ವರಿತ ನೋಂದಣಿ ವಿಧಾನ ರೂಪಿಸುವುದು ಅಸಾಧ್ಯವೇನಲ್ಲ.

ಸದುದ್ದೇಶದ ಕಾನೂನು ನೋವನ್ನು ಹೆಚ್ಚಿಸಬಲ್ಲದು ಎಂಬುದಕ್ಕೆ ಮಾರ್ಫಿನ್ ಕಥೆ ಸಾಕ್ಷಿ. ಮಧ್ಯಪ್ರದೇಶ, ರಾಜಸ್ಥಾನ, ಉತ್ತರ ಪ್ರದೇಶಗಳಲ್ಲಿ ಪರವಾನಗಿ ಪಡೆದ ರೈತರು ಅಫೀಮು ಬೆಳೆಯುತ್ತಾರೆ; ನೀಮಚ್ ಮತ್ತು ಘಾಜಿಪುರಗಳಲ್ಲಿ ಸರ್ಕಾರಿ ಕಾರ್ಖಾನೆಗಳಿವೆ; ಹೊರದೇಶಗಳಿಗೆ ರಫ್ತೂ ಆಗುತ್ತದೆ. ಆದರೂ 1985ರ ಮಾದಕ ವಸ್ತು ಕಾಯ್ದೆಯ ಪರವಾನಗಿಗಳ ಗೋಜಲಿನಿಂದ 1997ರ ವೇಳೆಗೆ ದೇಶದಲ್ಲಿ ಮಾರ್ಫಿನ್‌ನ ವೈದ್ಯಕೀಯ ಬಳಕೆ ಶೇ 97ರಷ್ಟು ಕುಸಿಯಿತು. ದೀಪದ ಬುಡದಲ್ಲಿ ಕತ್ತಲೆ ಎಂಬುದಕ್ಕೆ ಬೇರೆ ಉದಾಹರಣೆ ಬೇಡ. 2014ರ ತಿದ್ದುಪಡಿ ನಿಯಮಗಳನ್ನು ಸರಳಗೊಳಿಸಿತು. ಭಯ ಮತ್ತು ಅಭ್ಯಾಸ ಅಷ್ಟು ಸುಲಭವಾಗಿ ತಿದ್ದುಪಡಿಯಾಗಲಿಲ್ಲ. ಅತಿ ಧಾರಾಳವಾಗಿ ಈ ವರ್ಗದ ಮಾತ್ರೆ ಬರೆದ ಅಮೆರಿಕ ವ್ಯಸನದ ದುರಂತಕ್ಕೆ ಸಿಲುಕಿತು. ಅತಿ ಜಿಪುಣತನ ತೋರಿದ ನಾವು ಕ್ಯಾನ್ಸರ್ ರೋಗಿಗಳನ್ನು ನರಳಲು ಬಿಟ್ಟೆವು. ಈ ಎರಡರ ನಡುವೆ ಚುಚ್ಚುಮದ್ದಿಗೆ ಒಂದು ನ್ಯಾಯವಾದ ಸ್ಥಾನವಿದೆ.

ಅಪಾಯಗಳನ್ನು ಮರೆಮಾಚುವುದೂ ಸಲ್ಲದು. ಮದ್ದು ರಕ್ತನಾಳಕ್ಕೆ ಹೊಕ್ಕರೆ ಅಪಸ್ಮಾರ, ಹೃದಯದ ತಾಳ ತಪ್ಪುವುದು ಸಂಭವಿಸಬಹುದು. ಅದಕ್ಕೆ ಪ್ರತಿಮದ್ದಾದ ಲಿಪಿಡ್ ದ್ರಾವಣ ಕೈಯಳತೆಯಲ್ಲಿರಬೇಕು. ರಕ್ತ ತೆಳುವಾಗಿಸುವ ಮಾತ್ರೆ ಸೇವಿಸುವವರಿಗೆ ರಕ್ತಸ್ರಾವದ ಭಯ. ಮಧುಮೇಹಿಗಳಲ್ಲಿ ಸ್ಟಿರಾಯ್ಡ್ ಸಕ್ಕರೆಯನ್ನು ಏರಿಸುತ್ತದೆ. ಬೆನ್ನುಹುರಿಯ ಬಳಿ ನೀಡುವ ಸ್ಟಿರಾಯ್ಡ್‌ನಿಂದ ಅಪರೂಪಕ್ಕೆ ದೃಷ್ಟಿನಾಶ, ಪಾರ್ಶ್ವವಾಯು, ಸಾವು ಸಂಭವಿಸಬಹುದೆಂದು ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ 2014ರಲ್ಲಿ ಎಚ್ಚರಿಸಿತು. ಅದಕ್ಕೆ ಎರಡು ವರ್ಷ ಮೊದಲು, 2012ರಲ್ಲಿ, ಶಿಲೀಂಧ್ರದಿಂದ ಕಲುಷಿತವಾದ ಸ್ಟಿರಾಯ್ಡ್ ಚುಚ್ಚುಮದ್ದು ಆ ದೇಶದ 20 ರಾಜ್ಯಗಳಲ್ಲಿ 750ಕ್ಕೂ ಹೆಚ್ಚು ಜನರನ್ನು ರೋಗಕ್ಕೀಡು ಮಾಡಿ 60ಕ್ಕೂ ಹೆಚ್ಚು ಜನರನ್ನು ಬಲಿ ತೆಗೆದುಕೊಂಡಿತ್ತು.

ನೋವಿನ ನರವನ್ನು ತಡೆದ ಮಾತ್ರಕ್ಕೆ ಮನುಷ್ಯನ ಸಂಕಟ ತೀರುವುದಿಲ್ಲ ಎಂಬುದನ್ನು ಅರಿವಳಿಕೆ ತಜ್ಞ ಡಾ. ಎಂ.ಆರ್. ರಾಜಗೋಪಾಲ್ ತಮ್ಮ ಅನುಭವದಿಂದ ಅನೇಕ ವೇದಿಕೆಗಳಲ್ಲಿ ಹೇಳಿದ್ದಾರೆ. ಕ್ಯಾನ್ಸರ್ ರೋಗಿಯೊಬ್ಬರಿಗೆ ನರ್ವ್ ಬ್ಲಾಕ್ ನೀಡಿ, ನೋವು ಸಂಪೂರ್ಣ ಶಮನವಾದುದರಿಂದ ಮತ್ತೆ ಬರಬೇಕಾಗಿಲ್ಲ ಎಂದು ಅವರು ಹೇಳಿ ಕಳುಹಿಸಿದರು. ತನ್ನ ರೋಗ ಗುಣವಾಗದೆಂಬುದು ಆ ರೋಗಿಗೆ ಮೊದಲು ತಿಳಿದದ್ದೇ ಆಗ. ಅವರು ಪ್ರಾಣ ಕಳೆದುಕೊಂಡರು. ತಂತ್ರ ಗೆದ್ದಿತ್ತು, ಆರೈಕೆ ಸೋತಿತ್ತು. ಈ ಅರಿವು 1993ರಲ್ಲಿ ಕಲ್ಲಿಕೋಟೆಯಲ್ಲಿ ಆರಂಭವಾದ ಉಪಶಾಮಕ ಆರೈಕೆಯ ಸಂಘಟನೆಗೆ ಬಲ ನೀಡಿತು. 2008ರಲ್ಲಿ ಕೇರಳ ಸರ್ಕಾರ ಅದನ್ನು ರಾಜ್ಯದ ನೀತಿಯಾಗಿಸಿತು. ನೆರೆ ರಾಜ್ಯದ ಈ ಪಾಠ ನಮಗೆ ದುಬಾರಿಯೇನಲ್ಲ.

ಏನು ಮಾಡಬಹುದು? ಮೊದಲನೆಯದಾಗಿ, ಯಾವ ನೋವಿಗೆ ಯಾವ ಹಂತದಲ್ಲಿ ಚುಚ್ಚುಮದ್ದು ಸೂಕ್ತ ಎಂಬ ಪ್ರಮಾಣಿತ ಮಾರ್ಗಸೂಚಿಯನ್ನು ರಾಜ್ಯದ ವೈದ್ಯಕೀಯ ಕಾಲೇಜುಗಳ ತಜ್ಞರಿಂದಲೇ ರೂಪಿಸಬೇಕು. ಸರ್ಕಾರಿ ವಿಮೆಯ ಪಾವತಿಯನ್ನು ಅದಕ್ಕೆ ಜೋಡಿಸಬೇಕು. ಎರಡನೆಯದಾಗಿ, ಚುಚ್ಚುಮದ್ದು ನೀಡುವ ಪ್ರತಿಯೊಂದು ಕೇಂದ್ರವೂ ರೋಗಿಯ ನೋವಿನ ಅಂಕ, ನಡೆದಾಡುವ ಶಕ್ತಿ, ನಿದ್ರೆಗಳನ್ನು ಚಿಕಿತ್ಸೆಗೆ ಮೊದಲು, ಒಂದು ತಿಂಗಳ ನಂತರ, ಆರು ತಿಂಗಳ ನಂತರ ದಾಖಲಿಸಬೇಕು. ಲೆಕ್ಕವಿಡದ ವೆಚ್ಚವನ್ನು ಲೆಕ್ಕಪರಿಶೋಧಕರು ಒಪ್ಪುವುದಿಲ್ಲ. ಲೆಕ್ಕವಿಡದ ಚಿಕಿತ್ಸೆಯನ್ನು ನಾವೇಕೆ ಒಪ್ಪಬೇಕು? ಮೂರನೆಯದಾಗಿ, ಹೊರರೋಗಿಯ ಮಾತ್ರೆ ಮತ್ತು ವ್ಯಾಯಾಮ ಚಿಕಿತ್ಸೆಗೆ ವಿಮೆಯ ನೆರವು ವಿಸ್ತರಿಸಬೇಕು. ಆಗ ಸೂಜಿಯತ್ತ ದೂಡುವ ಕೃತಕ ಆಕರ್ಷಣೆ ತಗ್ಗುತ್ತದೆ. ನಾಲ್ಕನೆಯದಾಗಿ, ಜಿಲ್ಲಾ ಆಸ್ಪತ್ರೆಗಳಲ್ಲಿ ವಾರಕ್ಕೆ ಎರಡು ದಿನವಾದರೂ ನೋವು ಮತ್ತು ಉಪಶಾಮಕ ಆರೈಕೆಯ ಹೊರರೋಗಿ ವಿಭಾಗ ನಡೆಯಬೇಕು.

ಇನ್ನು ಒಪ್ಪಿಗೆಯ ಪ್ರಶ್ನೆ. 2008ರ ಸಮೀರಾ ಕೊಹ್ಲಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್, ರೋಗಪತ್ತೆಯ ಕ್ರಮಕ್ಕೆ ನೀಡಿದ ಒಪ್ಪಿಗೆ ಚಿಕಿತ್ಸೆಗೆ ನೀಡಿದ ಒಪ್ಪಿಗೆಯಾಗದು ಎಂದು ಸ್ಪಷ್ಟಪಡಿಸಿತು. ಪತ್ತೆಗೂ ಚಿಕಿತ್ಸೆಗೂ ಒಂದೇ ಸೂಜಿ ಬಳಕೆಯಾಗುವ ಈ ಕ್ಷೇತ್ರದಲ್ಲಿ ಆ ತೀರ್ಪು ಪ್ರತಿ ಒಪ್ಪಿಗೆ ಪತ್ರದ ಮೊದಲ ಸಾಲಾಗಬೇಕು, ಅದೂ ಕನ್ನಡದಲ್ಲಿ. ಇದು ತಾತ್ಕಾಲಿಕವೇ, ಶಾಶ್ವತವೇ? ಎಷ್ಟು ಕಾಲ ಉಪಶಮನ ನಿರೀಕ್ಷಿಸಬಹುದು? ಫಲಿಸದಿದ್ದರೆ ಮುಂದೇನು? ಮಾತ್ರೆಗಳಿಂದ ಸಾಧ್ಯವಿಲ್ಲವೆ? ಒಟ್ಟು ವೆಚ್ಚವೆಷ್ಟು? ಈ ಐದು ಪ್ರಶ್ನೆಗಳಿಗೆ ಸಾವಧಾನದಿಂದ ಉತ್ತರಿಸುವ ವೈದ್ಯರನ್ನು ನಂಬಬಹುದು. ಉತ್ತರಿಸಲು ಸಮಯವಿಲ್ಲದವರಿಗೆ ಬೆನ್ನನ್ನು ಒಡ್ಡುವ ಮುನ್ನ ಇನ್ನೊಬ್ಬರ ಅಭಿಪ್ರಾಯ ಪಡೆಯುವುದು ಲೇಸು.

ನೋವಿನಲ್ಲಿರುವವನು ಚೌಕಾಸಿ ಮಾಡಲಾರ. ಅವನ ಪರವಾಗಿ ಚೌಕಾಸಿ ಮಾಡಬೇಕಾದದ್ದು ಸರ್ಕಾರ, ವಿಮಾ ಸಂಸ್ಥೆ ಮತ್ತು ವೈದ್ಯ ಸಮುದಾಯದ ಕರ್ತವ್ಯ. ಚುಚ್ಚುಮದ್ದನ್ನು ಪವಾಡವೆಂದು ಮಾರುವುದೂ ವಂಚನೆಯೆಂದು ತಳ್ಳಿಹಾಕುವುದೂ ಆ ಕರ್ತವ್ಯದಿಂದ ನುಣುಚಿಕೊಳ್ಳುವ ಎರಡು ಸುಲಭ ದಾರಿಗಳು. ಅಗತ್ಯವಿರುವ ಬಡ ರೋಗಿಗೆ ಅದು ಸಿಗುವಂತೆ, ಅಗತ್ಯವಿಲ್ಲದ ಸಿರಿವಂತ ರೋಗಿಗೆ ಅದು ಬೀಳದಂತೆ ನೋಡಿಕೊಳ್ಳುವ ಮೂರನೆಯ ದಾರಿಗೆ ದುಡಿಮೆ ಹೆಚ್ಚು. ಆದರೆ ಆಡಳಿತವೆಂಬುದು ಇರುವುದೇ ಆ ದುಡಿಮೆಗಾಗಿ.